ಯಾರೂ ಕೂಡದೆ ಉಳಿದ ಹನ್ನೊಂದು ಕುರ್ಚಿ

ನಮ್ಮ ಮನೆಯಲ್ಲಿ ಹನ್ನೊಂದು ಕುರ್ಚಿಗಳಿದ್ದವು. ಮನೆ ಮಂದಿಯೆಲ್ಲ ನೆಲದ ಮೇಲೆ ಕೂಡುತ್ತಿದ್ದೆವು. ಈಗ ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ಆಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ, ಮೈ ಉರಿಯುತ್ತಿತ್ತು. ಯಾಕೆಂದರೆ ಆ ಹನ್ನೊಂದರಲ್ಲಿ ಏಳು ಕುರ್ಚಿಗಳ ಬೆತ್ತ ಹೆಣೆದವಳು ನಾನು. ಹೆಣೆದ ಕುರ್ಚಿಯ ಮೇಲೆ ಒಂದೇ ಒಂದು ಸಲ, ನಮ್ಮ ಮನೆಯಲ್ಲೇ, ನಾಲ್ಕು ಮಂದಿಯ ಎದುರು ಬೆನ್ನು ಆನಿಸಿ ಕೂಡಬೇಕು ಎನ್ನುವುದು ನನ್ನ ಆಸೆಯಾಗಿತ್ತು. ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಅಷ್ಟಕ್ಕೇ ಹನ್ನೆರಡು ವರ್ಷ ಹಿಡಿಯಿತು.

ಕುರ್ಚಿಯ ಹುಚ್ಚು ನಮ್ಮ ಮನೆಯವರದು. ಅರಭಾವಿಯ ಕಾಲೇಜಿನಲ್ಲಿ ಗುಮಾಸ್ತರಾಗಿದ್ದರು, ಮೂಡಲಗಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಕುಡಿಯುವವರಲ್ಲ, ಇಸ್ಪೀಟು ಮುಟ್ಟುವವರಲ್ಲ. ಬಾಜೂ ಮನೆಯವರೆಲ್ಲ "ಪುಣ್ಯಾ ಮಾಡೀಯವಾ" ಎನ್ನುತ್ತಿದ್ದರು. ಅವರಿಗೇನು ಗೊತ್ತು? ನಮ್ಮ ಊರಿನಲ್ಲಿ ಕುರ್ಚಿಯ ಆಸೆ ಇದ್ದವರು ಚುನಾವಣೆಗೆ ನಿಲ್ಲುತ್ತಿದ್ದರು. ಇವರು ಗುಜರಿ ಅಂಗಡಿಯ ಮುಂದೆ ನಿಲ್ಲುತ್ತಿದ್ದರು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಚೇರಿಗಳಿಗೆಲ್ಲ ಪ್ಲಾಸ್ಟಿಕ್ಕಿನ, ಕಬ್ಬಿಣದ ಕುರ್ಚಿಗಳು ಬರುತ್ತಿದ್ದವು, ಹಳೆಯ ಕಟ್ಟಿಗೆಯ ಕುರ್ಚಿಗಳು ಹಿತ್ತಲಿಗೆ ಬೀಳುತ್ತಿದ್ದವು. ಒಂದು ದಿನ ಇವರು ಧುಪದಾಳದ ಒಡ್ಡಿನ ಹತ್ತಿರ ಚಹಾ ಕುಡಿಯಲು ನಿಂತಿದ್ದಾರೆ. ಅಂಗಡಿಯವನು ಒಲೆಗೆ ಒಟ್ಟುವ ಪುಳ್ಳೆಗಳನ್ನು ಒಂದು ಮುರುಕು ಕುರ್ಚಿಯ ಮೇಲೆ ಪೇರಿಸಿದ್ದಾನೆ. ತಗ್ಗಾದ ಕುರ್ಚಿ, ಹಿಂದಕ್ಕೆ ವಾಲಿದ ಬೆನ್ನು, ಕತ್ತರಿ ತೆರೆದಿಟ್ಟಂತೆ ಓರೆಯಾಗಿ ಅಗಲಿದ ಕಾಲುಗಳು. ಅದನ್ನು ನೋಡಿದ್ದೇ ತಡ, ಚಹಾ ಅಲ್ಲೇ ಬಿಟ್ಟು ಕುರ್ಚಿ ಹೊತ್ತುಕೊಂಡು ಮನೆಗೆ ಬಂದರು. ಜೇಬಿನಿಂದ ಒಂದು ಹಾಳೆ ತೆಗೆದು ಪಡಸಾಲೆಯಲ್ಲಿ ಹರವಿದರು. ರದ್ದಿಗೆ ಹಾಕಿದ ಯಾವುದೋ ಪರದೇಶದ ಮಾಸಿಕದಿಂದ ಹರಿದಿಟ್ಟುಕೊಂಡ ಚಿತ್ರ. ದೊಡ್ಡ ಗಾಜಿನ ಮನೆ, ಅದರ ನಟ್ಟ ನಡುವೆ ಥೇಟ್ ಇಂಥದೇ ಕುರ್ಚಿ.

"ನೋಡ ಅವ್ವಾ, ಪರದೇಶದ ಮಂದಿ ಇದನ್ನ ದೇವರ ಇಟ್ಟಂಗ ಇಟ್ಟಾರ," ಎಂದರು ತಾಯಿಗೆ.

ನಮ್ಮ ಅತ್ತೆ ಚಿತ್ರ ನೋಡಿದರು, ಕುರ್ಚಿ ನೋಡಿದರು, ಅದರ ಬೆನ್ನಿನಿಂದ ಉದುರುತ್ತಿದ್ದ, ಗೊರಲೆ ಹುಳ ತಿಂದ ಹುಡಿ ನೋಡಿದರು. "ಹಂಗಾರ ಅವರಿಗೇ ಕೊಟ್ಟ ಬಾರಪಾ," ಎಂದರು.

ಆಮೇಲೆ ನಮಗಿಬ್ಬರಿಗೂ ಪಾಠ ಶುರುವಾಯಿತು. ಸ್ವಾತಂತ್ರ್ಯ ಬಂದ ಮೇಲೆ ಹೊಸ ಒಡ್ಡು, ಹೊಸ ಕಚೇರಿ, ಹೊಸ ಕಾಲೇಜು ಕಟ್ಟುವಾಗ ಕುರ್ಚಿಯೂ ಹೊಸದಾಗಲಿ ಎಂದು ದೊಡ್ಡ ದೊಡ್ಡ ನಕ್ಷೆಗಾರರು ಕುಳಿತು ಬರೆದ ವಿನ್ಯಾಸವಂತೆ ಅದು. ಅದನ್ನು ನೋಡಿ ನಮ್ಮ ಕಡೆಯ ಬಡಿಗರೂ ಡಜನ್‌ಗಟ್ಟಲೆ ಮಾಡಿದ್ದರಂತೆ. "ಕೆತ್ತಿಗಿ ಇಲ್ಲ, ಹುಲಿ ಪಂಜಾ ಇಲ್ಲ, ಜಂಭ ಇಲ್ಲ. ಎಷ್ಟ ಬೇಕೋ ಅಷ್ಟ ಸಾಗವಾನಿ, ಕುಂದ್ರಾಕ ಬೆತ್ತ. ಮುಗೀತು!" ಎಂದು ಇವರು ಕೈ ಬೀಸಿ ಹೇಳಿದರೆ ಅತ್ತೆ, "ಕಟ್ಟಿಗಿ ಸಾಲಿಲ್ಲ ಅಂತ ಕಾಣ್ತೈತಿ ಪಾಪ," ಎಂದರು.

ಆ ಮೊದಲನೆಯ ಕುರ್ಚಿಯನ್ನು ನಾವು ಚಿತ್ರದ ಕುರ್ಚಿ ಎಂದೇ ಕರೆಯುತ್ತಿದ್ದೆವು. ನಾಲ್ಕು ಐತವಾರ ಇವರು ಹಿತ್ತಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಪಾಲಿಶ್ ಕಾಗದ ಹಾಕಿ ತಿಕ್ಕಿದರು. ಹಳೆಯ ಬಣ್ಣವೆಲ್ಲ ಹೋಗಿ ಒಳಗಿನ ಸಾಗವಾನಿ ಹೊರಬಂತು. ಸುಳ್ಳು ಯಾಕೆ ಹೇಳಲಿ, ಚಂದವಾಗಿಯೇ ಕಾಣುತ್ತಿತ್ತು. ಇವರು ಅದನ್ನು ಹಾಗೇ ಬಿಟ್ಟು ಸೋಮವಾರ ಕೆಲಸಕ್ಕೆ ಹೋದರು. ಆ ವಾರದಲ್ಲಿ ಕಾರಹುಣ್ಣಿಮೆ. ನಮ್ಮ ಎತ್ತುಗಳ ಕೊಂಬಿಗೆ ಹಚ್ಚಿ ಉಳಿದ ಬಣ್ಣ ಎರಡು ಡಬ್ಬಿಯ ತಳದಲ್ಲಿತ್ತು. ಅತ್ತೆ ಬೋಳು ಕುರ್ಚಿಯನ್ನು ಸುತ್ತು ಹಾಕಿ ನೋಡಿ ನಿಟ್ಟುಸಿರು ಬಿಟ್ಟರು.

"ನಾಕ ಐತವಾರದಿಂದ ತಿಕ್ಕಾಕತ್ತಾನ ನನ ಮಗಾ. ಬಣ್ಣಾ ತರಾಕ ಕೈಯಾಗ ಇಲ್ಲೇನೋ. ಬಾಯಿ ಬಿಟ್ಟ ಕೇಳಾವಲ್ಲ ಅಂವಾ. ಡಬ್ಬಿ ಹಿಡಿ ಬಾ ಇಲ್ಲೆ."

ನಾನು ಡಬ್ಬಿ ಹಿಡಿದೆ. ಬೇಡ ಅನ್ನಬಹುದಿತ್ತು. ಆದರೆ ನಾಲ್ಕು ಐತವಾರ ಹಿತ್ತಲಿನಲ್ಲಿ ಬಟ್ಟೆ ಒಣಹಾಕಲು ಜಾಗವಿಲ್ಲದೆ ಒದ್ದಾಡಿದವಳು ನಾನು. ನನಗೆ ಒಳಗೊಳಗೇ ಖುಷಿಯಾಗಿತ್ತು. ಅತ್ತೆ ಕಾಲುಗಳಿಗೆ ಹಸಿರು ಹಚ್ಚಿದರು, ತೋಳುಗಳಿಗೆ ಕೆಂಪು ಹಚ್ಚಿದರು. ತೋಳಿನ ತುದಿ ಬರಿದಾಗಿ ಕಂಡಿತೋ ಏನೋ, ಎತ್ತಿನ ಕೊಂಬಿಗೆ ಕಟ್ಟಿ ಉಳಿದ ಎರಡು ಗೊಂಡೆಗಳನ್ನೂ ಕಟ್ಟಿದರು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, "ಈಗ ಜೀವ ಬಂತ ನೋಡ," ಎಂದರು.

ಸಂಜೆಯ ಬಸ್ಸಿಗೆ ಬಂದ ಇವರು ಹಿತ್ತಲ ಬಾಗಿಲಲ್ಲಿ ಹಾಗೇ ನಿಂತುಬಿಟ್ಟರು. ಕೈಯಲ್ಲಿದ್ದ ಚೀಲ ಜಾರಿ ಬಿತ್ತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

"ಚಂದ ಆಗೇತಿಲ್ಲೋ?" ಎಂದು ಅತ್ತೆ ಕೇಳಿದರು. ಅವರ ಮೂಗಿನ ಮೇಲೂ ಹಸಿರು ಬಣ್ಣ ಹತ್ತಿತ್ತು.

ಇವರು ಚೀಲ ಎತ್ತಿಕೊಂಡರು. "ಚಂದ ಆಗೇತವಾ. ಭಾಳ ಚಂದ ಆಗೇತಿ."

ನನ್ನ ಗಂಡನನ್ನು ನಾನು ಎಷ್ಟೇ ಆಡಿಕೊಂಡರೂ ಆ ಒಂದು ಮಾತಿಗಾಗಿ ಅವರ ಮೇಲೆ ನನಗೆ ಇವತ್ತಿಗೂ ಪ್ರೀತಿ. ಮತ್ತೆ ಆರು ಐತವಾರ ಕದ್ದು ಕದ್ದು ತಿಕ್ಕಿದರು, ತಾಯಿ ಹೊಲಕ್ಕೆ ಹೋದ ಹೊತ್ತು ನೋಡಿ. ಬಣ್ಣ ಎಲ್ಲಿ ಹೋಯಿತು ಎಂದು ಅತ್ತೆ ಕೇಳಿದಾಗ "ಮಳಿಗೆ ಹೋತವಾ," ಎಂದರು. ಆ ವರ್ಷ ಮೂಡಲಗಿಯಲ್ಲಿ ಅಷ್ಟರ ತನಕ ನೆಲ ನೆನೆಯುವಷ್ಟೂ ಮಳೆಯಾಗಿರಲಿಲ್ಲ. ಅತ್ತೆ ಒಮ್ಮೆ ಆಕಾಶ ನೋಡಿದರು, ಒಮ್ಮೆ ಮಗನ ಮುಖ ನೋಡಿದರು, ಒಳಗೆ ಹೋದರು. ಎಷ್ಟು ತಿಕ್ಕಿದರೂ ತೋಳಿನ ಸಂದಿಗಳಲ್ಲಿ ಮಾತ್ರ ಒಂದೊಂದು ಕೆಂಪು ಗೆರೆ ಉಳಿದೇ ಉಳಿಯಿತು.

ಬಣ್ಣ ಹೋದ ಮೇಲೆ ಬೆತ್ತ ಹೆಣೆಸಬೇಕಲ್ಲ. ಹುಕ್ಕೇರಿಯಲ್ಲಿ ಒಬ್ಬ ಕಾಕಾ ಇದ್ದರು, ಎರಡೂ ಕಣ್ಣು ಕಾಣುತ್ತಿರಲಿಲ್ಲ. ಸುತ್ತಲಿನ ಕಚೇರಿಗಳ ಕುರ್ಚಿಗಳಿಗೆಲ್ಲ ಅವರೇ ಬೆತ್ತ ಹೆಣೆದವರು. ಅಷ್ಟೊತ್ತಿಗೆ ನಮ್ಮ ಮನೆಯಲ್ಲಿ ಕುರ್ಚಿಗಳು ನಾಲ್ಕಾಗಿದ್ದವು. ಕಾಕಾ ಬಂದು ಒಂದು ವಾರ ನಮ್ಮ ಪಡಸಾಲೆಯಲ್ಲಿದ್ದು ನಾಲ್ಕನ್ನೂ ಹೆಣೆದರು. ಬೆತ್ತದ ಎಳೆಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಚೌಕಟ್ಟಿನ ತೂತುಗಳಲ್ಲಿ ಪೋಣಿಸಿ, ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಎಳೆಯುವುದು. ಅವರ ಬೆರಳು ನೋಡುತ್ತ ಕುಳಿತರೆ ನನಗೆ ಒಲೆಯ ಮೇಲಿನ ಬೇಳೆ ಹೊತ್ತಿದ್ದೂ ತಿಳಿಯುತ್ತಿರಲಿಲ್ಲ.

"ನನಗ ವಯಸ್ಸಾತು, ಮತ್ತ ಮತ್ತ ಬಸ್ ಹತ್ತಿ ಬರಾಕ ಆಗೂದಿಲ್ಲ. ಯಾರರೆ ಕಲೀರಿ," ಎಂದರು ಕಾಕಾ. ನಮ್ಮ ಮನೆಯವರು ಕಲಿಯಲು ಕುಳಿತು ಒಂದೇ ತಾಸಿನಲ್ಲಿ ತಮ್ಮ ಹೆಬ್ಬೆರಳನ್ನೂ ಸೇರಿಸಿ ಹೆಣೆದುಕೊಂಡರು. ಅದನ್ನು ಬಿಡಿಸಿದವಳು ನಾನು. ನನ್ನ ತವರು ಘೋಡಗೇರಿ. ಅಲ್ಲಿ ನಮ್ಮ ಮನೆಯ ಮಲಗುವ ಹೊರಸುಗಳಿಗೆ ಹಗ್ಗ ಹೆಣೆಯುವುದು ಹೆಣ್ಣುಮಕ್ಕಳದೇ ಕೆಲಸ, ಹೀಗಾಗಿ ಕೈ ಬಲ್ಲ ವಿದ್ಯೆ. ಹೊರಸಿಗೆ ಹಗ್ಗ ಹಾಕುವಾಗ ಕಾಲು ಕೊಟ್ಟು ಎಳೆಯಬೇಕು. ಎಷ್ಟು ಬಿಗಿದರೂ ನಾಲ್ಕು ದಿನಕ್ಕೆ ಸಡಿಲವಾಗುತ್ತದೆ. ಕಲಿಯಲೆಂದು ಕೊಟ್ಟ ಮುರುಕು ಚೌಕಟ್ಟಿನಲ್ಲಿ ನಾನು ಬೆತ್ತವನ್ನೂ ಹಾಗೇ ಹಲ್ಲು ಕಚ್ಚಿ ಎಳೆದೆ.

ಕಾಕಾ ಬೆರಳಾಡಿಸಿ ನೋಡಿ ತಲೆ ಅಲ್ಲಾಡಿಸಿದರು. "ಇಷ್ಟ ಬಿಗಿ ಬ್ಯಾಡ ತಂಗಿ. ಹಗ್ಗ ಸಡ್ಲ ಆಗ್ತೈತಿ, ಹಸಿ ಬೆತ್ತ ಒಣಗಿದಂಗ ಬಿಗೀತೈತಿ. ಹೆಣೆದಾದ ಮ್ಯಾಲೆ ಕುಂತ ನೋಡ್ಬೇಕ. ಬೆರಳಿಗೆ ತಿಳೀದ್ದ ಕುಂಡಿಗೆ ತಿಳೀತೈತಿ."

ಅತ್ತೆ ಒಳಗಿನಿಂದ ಕೆಮ್ಮಿದರು. ನಾನು ನಾಚಿಕೊಂಡು "ಹೂಂ ಕಾಕಾ" ಎಂದೆ. ಮನಸ್ಸಿನಲ್ಲಿ ಮಾತ್ರ, ಇವರಿಗೇನು ಗೊತ್ತು ನಮ್ಮ ಘೋಡಗೇರಿಯ ಬಿಗಿ, ಎಂದುಕೊಂಡೆ. ಇನ್ನು ಕುಳಿತು ನೋಡುವುದು ದೂರವೇ ಉಳಿಯಿತು. ನಮ್ಮ ಮನೆಯಲ್ಲಿ ಸೊಸೆಯಾದವಳು ಅತ್ತೆಯ ಎದುರು ಎತ್ತರದಲ್ಲಿ ಕೂಡುವ ಪದ್ಧತಿ ಇರಲಿಲ್ಲ. ಅತ್ತೆ ಹುಟ್ಟಿದಾಗಿನಿಂದ ನೆಲ ಬಿಟ್ಟು ಬೇರೆ ಕಡೆ ಕುಳಿತವರಲ್ಲ. ಕುರ್ಚಿ ಎಂದರೆ ಊರಿಗೆ ಬಂದ ಸಾಹೇಬರಿಗೆ ಎಂಬುದು ಅವರ ಲೆಕ್ಕ. ಅವರು ನೆಲದ ಮೇಲೆ ಇದ್ದಮೇಲೆ ನಾನೆಲ್ಲಿ ಕೂಡಲಿ? ಇನ್ನೊಂದು ಕಡೆ ನಮ್ಮ ಮನೆಯವರು. ಯಾರಾದರೂ ಕುರ್ಚಿಯ ಹತ್ತಿರ ಸುಳಿದರೆ ಸಾಕು, "ಪಾಲಿಶ್ ಹಸಿ ಐತಿ!" ಎಂದು ಓಡಿ ಬರುತ್ತಿದ್ದರು. ಆ ಪಾಲಿಶ್ ಹನ್ನೆರಡು ವರ್ಷ ಒಣಗಲಿಲ್ಲ.

ಕದ್ದು ಕೂಡಬಹುದಿತ್ತಲ್ಲ ಎನ್ನಬಹುದು ನೀವು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕುರ್ಚಿಯ ತೋಳಿನ ಮೇಲೆ ಕೈ ಇಟ್ಟು ನಿಂತಿದ್ದೆ ಕೂಡ. ಮನಸ್ಸು ಬರಲಿಲ್ಲ. ಕಳ್ಳಿಯ ಹಾಗೆ ಕುಳಿತು, ಬಾಗಿಲ ಸಪ್ಪಳಕ್ಕೆ ಎದ್ದು ಓಡಿದರೆ ಅದು ಕುಳಿತಂತಾಯಿತೇ? ನನಗೆ ಸಿಟ್ಟೂ ಬಂತು, ಅಳುವೂ ಬಂತು. ಒರೆಸುವ ಬಟ್ಟೆ ತಂದು ಕುರ್ಚಿಯ ಧೂಳು ಒರೆಸಿ ಒಳಗೆ ಹೋದೆ.

ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಒಮ್ಮೆ ಇವರು ಹುಕ್ಕೇರಿಯ ಗುಜರಿಯಿಂದ ಕುರ್ಚಿಯೊಂದನ್ನು ಬಸ್ಸಿನಲ್ಲಿ ತರುತ್ತಿದ್ದರು. ಮೇಲೆ ಹಾಕಿದರೆ ಗೀರು ಬೀಳುತ್ತದೆ ಎಂದು ಒಳಗೇ, ಸೀಟುಗಳ ನಡುವೆ ಇಟ್ಟುಕೊಂಡು ತಾವು ನಿಂತಿದ್ದರು. ಘೋಡಗೇರಿಯಲ್ಲಿ ಕಂಬಳಿ ಹೊದ್ದ ಕುರಿ ಕಾಯುವ ಅಜ್ಜ ಒಬ್ಬ ಹತ್ತಿದ. ಬಸ್ ತುಂಬಿತ್ತು. ಅಜ್ಜ ಆಚೀಚೆ ನೋಡಿ, ಖಾಲಿ ಕುರ್ಚಿ ಕಂಡು, ಆರಾಮಾಗಿ ಕುಳಿತುಬಿಟ್ಟ. ಅಷ್ಟು ವಯಸ್ಸಾದವರನ್ನು ಏಳಿ ಎನ್ನಲು ಇವರಿಗೆ ಬಾಯಿ ಬರಲಿಲ್ಲ. ಇಳಿಯುವಾಗ ಅಜ್ಜ, "ಚಲೋ ಐತಿ ತಮ್ಮಾ, ಎಲ್ಲಾ ಬಸ್ಸಿಗೂ ಇಂಥಾವ ಹಾಕಸ್ರಿ," ಎಂದನಂತೆ. ಇವರು ಮನೆಗೆ ಬಂದು ಅದನ್ನು ನಕ್ಕು ನಕ್ಕು ಹೇಳಿದರು. ನಾನು ನಗಲಿಲ್ಲ. ಬೆತ್ತವಿಲ್ಲದೆ ಹಲಗೆ ಬಡಿದಿದ್ದ ಕುರ್ಚಿಯ ಮೇಲೆ ದಾರಿಯಲ್ಲಿ ಸಿಕ್ಕ ಅಜ್ಜ ಕೂಡಬಹುದು, ಬೆತ್ತ ಹೆಣೆಯುವವಳು ಕೂಡಬಾರದು! ಆ ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತೆ ಎಂದು ಹೇಳಿದೆ. ಮರೆತಿರಲಿಲ್ಲ.

ಹೀಗೆ ವರ್ಷಗಳು ಹೋದವು. ಏಳು ಕುರ್ಚಿ ಹೆಣೆದೆ. ಬಿಸಿಲುಗಾಲದ ಮಧ್ಯಾಹ್ನ ಪಡಸಾಲೆಯಿಂದ ಆಗಾಗ 'ಟಪ್' ಎಂದು ಸಪ್ಪಳ ಬರುತ್ತಿತ್ತು. ಕಟ್ಟಿಗೆ ಹಿಗ್ಗುತ್ತಿದೆ ಎಂದು ಇವರು ಹೇಳುತ್ತಿದ್ದರು. ಹಲ್ಲಿ ಬಿದ್ದಿತು ಎಂದು ಅತ್ತೆ ಹೇಳುತ್ತಿದ್ದರು. ನಾನು ಯಾವ ಗೊಡವೆಗೂ ಹೋಗಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅತ್ತೆಯ ಮೊಣಕಾಲುಗಳು ಕೈ ಕೊಟ್ಟವು. ಒಂದು ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಓಣಿಯ ಹೆಂಗಸರ ಜೊತೆ ಮಾತಾಡುತ್ತ ಕುಳಿತವರು ಏಳಲು ಹೋದರೆ ಏಳಲಾಗಲಿಲ್ಲ. ನಾನೂ ಬಾಜೂ ಮನೆಯಾಕೆಯೂ ಎರಡು ತೋಳು ಹಿಡಿದು ಎತ್ತಿದೆವು. ಗೋಕಾಕಿನ ಡಾಕ್ಟರರು ಎಕ್ಸ್-ರೇ ತೆಗೆದು ನೋಡಿ, "ಅಮ್ಮಾರ, ಇನ್ನ ಮ್ಯಾಲೆ ನೆಲದ ಮ್ಯಾಲೆ ಕುಂದ್ರಬ್ಯಾಡ್ರಿ," ಎಂದರು.

"ನೆಲಾ ಬಿಟ್ಟ ಎಲ್ಲಿ ಕುಂದರ್ಲಿ? ನಿಮ್ಮ ತಲಿ ಮ್ಯಾಲೆ?" ಎಂದರು ಅತ್ತೆ.

ಮಾತೇನೋ ಜೋರಾಗಿ ಆಡಿದರು. ಮನೆಗೆ ಬಂದು ಹೊರಸಿನ ಮೇಲೆ ಮಲಗಿದವರು ಎಷ್ಟೋ ದಿನ ಏಳಲೇ ಇಲ್ಲ. ಕಟ್ಟೆಯ ಮೇಲಿನ ಹೆಂಗಸರು ಒಳಗೆ ಬಂದು ಹೊರಸಿನ ಸುತ್ತ ನಿಂತು, "ಹ್ಯಾಂಗದೀರಿ ಈಗ? ಗಂಜಿ ಕುಡದ್ರೇನ್ರಿ?" ಎಂದು ಮೆತ್ತಗಿನ ದನಿಯಲ್ಲಿ ಕೇಳುತ್ತಿದ್ದರು. ಅವರು ಹೋದ ಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಅವರು ನನ್ನನ್ನು ಬೈಯುವುದನ್ನೂ ಬಿಟ್ಟರು. ಆಗ ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ನಾವಿಬ್ಬರೂ ಒಂದೇ ಮೊರದ ಆಚೆ ಈಚೆ ಕುಳಿತು ಎಲೆ ಬಿಡಿಸುತ್ತ ಪಲ್ಲೆ ಸೋಸಿದವರು. ಈಗ ಒಬ್ಬಳೇ ಮೆಂತ್ಯ ಸೋಸುತ್ತ ಕುಳಿತರೆ ಮನೆ ಖಾಲಿ ಖಾಲಿ ಅನಿಸುತ್ತಿತ್ತು.

ಬಾಜೂ ಮನೆಯಾಕೆ ಒಳ್ಳೆಯ ಮನಸ್ಸಿನಿಂದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟಳು. ನಮ್ಮ ಮನೆಯವರು ಹಾವು ಕಂಡವರ ಹಾಗೆ ಸರಿದು ನಿಂತರು. ಅತ್ತೆ ಅದರ ಮೇಲೆ ಕೂಡುತ್ತಲೇ ನುಣ್ಣನೆಯ ಫರ್ಸಿ ಕಲ್ಲಿನ ನೆಲದ ಮೇಲೆ ಅದು ಹಿಂದಕ್ಕೆ ಜಾರಿತು, ಅವರು ನನ್ನ ಕುತ್ತಿಗೆ ಹಿಡಿದುಕೊಂಡರು. ಮಗನ ಕಡೆ ತಿರುಗಿ ಹೇಳಿದರು: "ನನ್ನ ಖುರ್ಚಿ ತಾ."

"ನಿಂದ್ಯಾವದ ಅವ್ವಾ?"

"ನಾ ಬಣ್ಣಾ ಹಚ್ಚಿದ್ದು. ಮಳಿಗೆ ತೊಳದ ಹೋತಲ್ಲ, ಅದು."

ಇವರು ಮುಖ ಕೆಂಪಗೆ ಮಾಡಿಕೊಂಡು ಚಿತ್ರದ ಕುರ್ಚಿಯನ್ನು ತಂದರು. ಅತ್ತೆ ಕುಳಿತರು. ತೋಳಿನ ಸಂದಿಯಲ್ಲಿ ಉಳಿದ ಕೆಂಪು ಗೆರೆಯನ್ನು ಉಗುರಿನಿಂದ ಮುಟ್ಟಿ ನೋಡಿದರು. ಕುಳಿತದ್ದೇನೋ ಆಯಿತು, ಏಳುವುದು ಹೇಗೆ? ಆ ದೊಡ್ಡ ನಕ್ಷೆಗಾರರಿಗೆ ಮೊಣಕಾಲು ನೋವಿನ ತಾಯಿ ಇರಲಿಲ್ಲವೋ ಏನೋ, ಕುರ್ಚಿ ನೆಲಕ್ಕೆ ಅಂಟಿದಷ್ಟು ತಗ್ಗು. ಮತ್ತೆ ಇಬ್ಬರು ಕೂಡಿ ಎತ್ತಬೇಕಾಯಿತು. ಅತ್ತೆ ಮತ್ತೆ ಹೊರಸಿಗೆ ಹೋದರು.

ಮರುದಿನ ಬೆಳಿಗ್ಗೆ ಇವರು ಚಹಾ ಮುಟ್ಟದೆ ಕುರ್ಚಿಯ ಮುಂದೆ ಕುಳಿತಿದ್ದರು. ಒಂದು ಕೈಯಲ್ಲಿ ಆ ಹಳೆಯ ಚಿತ್ರ, ಇನ್ನೊಂದು ಕೈಯಲ್ಲಿ ಅಳತೆಯ ಟೇಪು. ಅದರ ಒಂದು ಮೊಳೆಯನ್ನೂ ಬದಲಾಯಿಸದೆ ಇಟ್ಟುಕೊಂಡಿದ್ದವರು.

"ನಾಕ ಬೆರಳ ಎತ್ತರಾ ಮಾಡಿದ್ರ ಏಳಾಕ ಬರ್ತೈತಿ," ಎಂದರು.

"ಮಾಡ್ರಿ ಮತ್ತ."

"ಮಾಡಿದ್ರ ಅದು ಇದ ಆಗಿ ಉಳಿಯೂದಿಲ್ಲ." ಚಿತ್ರ ತೋರಿಸಿದರು.

ನಾನು ಹೊರಸಿನ ಕಡೆ ನೋಡಿದೆ, ಅವರೂ ನೋಡಿದರು. ಚಿತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡು, ಬಿಡಿಭಾಗಕ್ಕೆಂದು ಇಟ್ಟುಕೊಂಡಿದ್ದ ಮುರಿದ ಕುರ್ಚಿಯ ಒಂದು ತೋಳನ್ನು ಬಗಲಲ್ಲಿ ಇರುಕಿಕೊಂಡು ಗೋಕಾಕಿನ ಬಸ್ ಹತ್ತಿದರು. ಅಲ್ಲಿ ಕಟ್ಟಿಗೆಯ ಮಾವು, ಪೇರಲ ಮಾಡುವ ಗೊಂಬೆಯ ಕಾರಾಗೀರರೊಬ್ಬರು ಇವರಿಗೆ ಗೆಳೆಯರು. ಸಂಜೆ ಆ ತೋಳಿನಿಂದಲೇ ಮಾಡಿಸಿದ ನಾಲ್ಕು ಚೊಕ್ಕ ತುಂಡುಗಳನ್ನು ತಂದರು. ಕಾಲಿಗೆ ಒಂದೊಂದನ್ನು ಕೂಡಿಸಿ ಸ್ಕ್ರೂ ತಿರುಗಿಸುವಾಗ, ಮಗುವಿಗೆ ಸೂಜಿ ಹಾಕಿಸುವ ತಂದೆಯ ಹಾಗೆ ಮುಖ ಆ ಕಡೆ ತಿರುಗಿಸಿಕೊಂಡಿದ್ದರು. ಕುರ್ಚಿ ಎತ್ತರವಾಗಿ ನಿಂತಿತು. ಅಂದವೇನೂ ಇರಲಿಲ್ಲ. ಅತ್ತೆ ಕುಳಿತರು. ತೋಳಿನ ಮೇಲೆ ಕೈ ಊರಿದರು. ತಾವೇ ಎದ್ದರು. ಮತ್ತೆ ಕುಳಿತರು, ಮತ್ತೆ ಎದ್ದರು. ನಮ್ಮ ಮನೆಯವರು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ಮರುದಿನ ಸಂಜೆ ಕುರ್ಚಿಯನ್ನು ಕಟ್ಟೆಯ ಮೇಲೆ ಇಟ್ಟೆವು. ಓಣಿಯ ಹೆಂಗಸರು ಬಂದರು. ಯಾರೂ ಗಂಜಿಯ ಮಾತು ಎತ್ತಲಿಲ್ಲ. ನಾನು ಮೆಂತ್ಯದ ಕಟ್ಟು, ಮೊರ ತಂದು ನೆಲದ ಮೇಲೆ ಕುಳಿತೆ. ಮೊರ ನನ್ನ ಮುಂದಿಟ್ಟರೆ ಅತ್ತೆಗೆ ಕೈ ನಿಲುಕದು. ಅವರ ತೊಡೆಯ ಮೇಲಿಟ್ಟರೆ ನನಗೆ ನಿಲುಕದು. ಒಂದೆರಡು ಸಲ ಎದ್ದು, ಕುಳಿತು ಒದ್ದಾಡಿದೆ.

"ಏನ ಕೋಳಿಯಂಗ ಜಿಗದಾಡ್ತಿ? ಹೋಗ, ಇನ್ನೊಂದ ಖುರ್ಚಿ ತಗೊಂಡ ಬಾ," ಎಂದರು ಅತ್ತೆ.

"ಯಾಕ್ರಿ ಅತ್ತಿ?"

"ಖುರ್ಚಿ ಯಾಕ ತರ್ತಾರ? ಕುಂದ್ರಾಕ."

ಓಣಿಯ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಾನು ಒಳಗೆ ಹೋಗಿ ನಾನು ಹೆಣೆದ ಮೊದಲನೆಯ ಕುರ್ಚಿಯನ್ನು ಎತ್ತಿದೆ. ಬಾಗಿಲಲ್ಲಿ ನಮ್ಮ ಮನೆಯವರು, "ಅದರದ ಪಾಲಿಶ್..." ಎಂದು ಬಾಯಿ ತೆರೆದರು. ಕಟ್ಟೆಯ ಮೇಲಿಂದ ಅತ್ತೆ ಒಂದು ಸಲ ನೋಡಿದರು. ಬಾಯಿ ಮುಚ್ಚಿತು.

ಅತ್ತೆಯ ಎದುರು ಕುರ್ಚಿ ಇಟ್ಟೆ. ಸೆರಗು ಸರಿಮಾಡಿಕೊಂಡೆ. ನನ್ನ ಕುರ್ಚಿ ತಗ್ಗು. ಕುಳಿತರೂ ಅವರಿಗಿಂತ ನಾಲ್ಕು ಬೆರಳು ಕೆಳಗೇ ಇರುತ್ತೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಕುಳಿತೆ. ಮೈಯ ಭಾರ ಬೀಳುತ್ತಲೇ ಕೆಳಗಿನಿಂದ ಟಪ್, ಟಪ್, ಟಪ್ ಎಂದು ಸಪ್ಪಳ ಬಂತು. ಬಿಸಿಲುಗಾಲದ ಹಲ್ಲಿ ಯಾವುದು ಎಂದು ಆಗ ತಿಳಿಯಿತು. ಹಲ್ಲು ಕಚ್ಚಿ ಬಿಗಿದ ನನ್ನ ಬೆತ್ತ ಇಷ್ಟು ವರ್ಷ ಒಣಗಿ ಒಣಗಿ ಸೆಟೆದು, ಈಗ ಒಂದೊಂದೇ ಎಳೆ ಹರಿಯುತ್ತಿತ್ತು. ಅತ್ತೆಯ ಕುರ್ಚಿ ಮಾತ್ರ ತುಟಿ ಪಿಟಕ್ ಎನ್ನಲಿಲ್ಲ. ಅದು ಕಾಕಾ ಹೆಣೆದದ್ದು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಗಡಬಡಿಸಿ ಎದ್ದೆ.

"ಕುಂದ್ರು," ಎಂದರು ಅತ್ತೆ.

"ಹರ್ಯಾಕತ್ತೇತ್ರಿ ಅತ್ತಿ."

"ಹರದ್ರ ಹರೀಲಿ. ಮತ್ತ ಹೆಣಿಯಾಕಿ ನೀನ ಅಲ್ಲೇನ? ಕುಂದ್ರು."

ಹರಿಯದೆ ಉಳಿದ ಎಳೆಗಳ ಮೇಲೆ ಮೆಲ್ಲಗೆ ಕುಳಿತು, ಬೆನ್ನು ಆನಿಸಿದೆ. ಅತ್ತೆ ಮೊರವನ್ನು ಎತ್ತಿ, ಅರ್ಧ ತಮ್ಮ ತೊಡೆಯ ಮೇಲೆ, ಅರ್ಧ ನನ್ನ ತೊಡೆಯ ಮೇಲೆ ಇಟ್ಟರು.